ಫೈಬರ್ ದೋಣಿಯ ಸಿಹಿ ವಾಸನೆ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮಲ್ಪೆ ಹತ್ತಿರ. ನಮ್ಮವರಿಗೆ 38 ವರ್ಷ. ಹನ್ನೊಂದು ವರ್ಷದಿಂದ ಫೈಬರ್ ದೋಣಿ ಕಟ್ಟುವಲ್ಲಿ ಕೆಲಸ. ಸಂಜೆ ಬರುವಾಗ ತಲೆನೋವು, ಕಣ್ಣುರಿ, ಕುಡಿದವರ ಹಾಗೆ ಒಂದು ಮಂಪರು. ಅವರು ಕುಡಿಯುವುದು ಶನಿವಾರ ಮಾತ್ರ. ಭಾನುವಾರ ಸಂಜೆಗೆ ಸರಿಯಾಗುತ್ತಾರೆ, ಸೋಮವಾರ ಮತ್ತೆ ಅದೇ. ಈಗೀಗ ಒಂದು ಮಾತು ಎರಡು ಸಲ ಹೇಳಬೇಕು. ಕೇಳಿದರೆ "ಆ ವಾಸನೆ ಎಲ್ಲ ಅಭ್ಯಾಸ ಆಗಿದೆ, ಈಗ ಗೊತ್ತೇ ಆಗುವುದಿಲ್ಲ" ಅನ್ನುತ್ತಾರೆ. ಎದೆ ಕ್ಲೀನ್ ಆಗುತ್ತದೆ ಅಂತ ದಿನಾ ಒಂದು ತುಂಡು ಬೆಲ್ಲ ತಿನ್ನುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದೆವು, ಎಲ್ಲ ನಾರ್ಮಲ್ ಬಂತು. ನಾನು ಐದು ತಿಂಗಳ ಗರ್ಭಿಣಿ, ಅವರ ಬಟ್ಟೆ ಒಗೆಯುವುದು ನಾನೇ. ಇದರಿಂದ ಕ್ಯಾನ್ಸರ್ ಬರುತ್ತದೆ ಅಂತ ಯಾರೋ ಹೇಳಿದರು. ಎಂತ ಮಾಡುವುದು? ಕೆಲಸ ಬಿಡಿಸಬೇಕಾ?

ಉತ್ತರ: ತಂಗೀ, ನಿಮ್ಮ ಕಾಗದ ಓದುತ್ತಾ ನಾನು ಪೆನ್ನಿನಲ್ಲಿ ಅಡಿಗೆರೆ ಎಳೆದದ್ದು ಒಂದೇ ಸಾಲಿಗೆ: "ವಾಸನೆ ಅಭ್ಯಾಸ ಆಗಿದೆ."

ಅಭ್ಯಾಸ ಆಗಿರುವುದು ಮೂಗಿಗೆ. ಮೀನು ಮಾರ್ಕೆಟ್ಟಿನ ಒಳಗೆ ಹೋಗಿ ಹತ್ತು ನಿಮಿಷ ಆಗುವಷ್ಟರಲ್ಲಿ ವಾಸನೆ ಹೋದ ಹಾಗೆ ಅನಿಸುತ್ತದಲ್ಲ? ಮೀನು ಎಲ್ಲಿಗೂ ಹೋಗಿರುವುದಿಲ್ಲ, ಮೂಗು ಹೇಳುವುದನ್ನು ನಿಲ್ಲಿಸಿರುತ್ತದೆ ಅಷ್ಟೇ. ಮಾರ್ಕೆಟ್ಟಿನಲ್ಲಿ ಅದರಿಂದ ನಷ್ಟವಿಲ್ಲ. ಫೈಬರ್ ಯಾರ್ಡಿನಲ್ಲಿ ಉಂಟು. ಅಲ್ಲಿ ಮೂಗು ಸುಮ್ಮನಾದ ಮೇಲೂ ಪ್ರತಿ ಉಸಿರಿನಲ್ಲಿ ಅಷ್ಟೇ ಆವಿ ಒಳಗೆ ಹೋಗುತ್ತಿರುತ್ತದೆ.

ಆ ಆವಿಯ ಹೆಸರು ಸ್ಟೈರೀನ್. ಫೈಬರ್ ದೋಣಿ ಎಂದರೆ ಗಾಜಿನ ನೂಲಿನ ಮ್ಯಾಟ್, ಅದಕ್ಕೆ ಕುಡಿಸುವ ಪಾಲಿಯೆಸ್ಟರ್ ರೆಸಿನ್. ಪಾಕದ ಹಾಗೆ ಮಂದವಾದ ಆ ರೆಸಿನ್ನಿನಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಇರುವುದು ಸ್ಟೈರೀನೇ. ಹಾರ್ಡ್‌ನರ್ ಬಿದ್ದಾಗ ಸ್ಟೈರೀನ್ ರೆಸಿನ್ನಿನ ಎಳೆಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿ ಮಾಡುತ್ತದೆ. ಹೆಣೆದುಕೊಳ್ಳುವ ಮೊದಲೇ ಒಂದಿಷ್ಟು ಗಾಳಿಗೆ ಹಾರುತ್ತದೆ. ಬ್ರಶ್ಶಿನಲ್ಲಿ ಹಚ್ಚುವಾಗ, ಅದಕ್ಕಿಂತಲೂ ಗುಳ್ಳೆ ಹೋಗಲಿ ಎಂದು ರೋಲರ್ ಒತ್ತುವಾಗ, ಹಾರುವುದು ಹೆಚ್ಚು. ಗಟ್ಟಿಯಾದ ಮೇಲೆ ಉಳಿಯುವುದು ಬಹಳ ಕಡಿಮೆ. ಹಾಗಾಗಿ ಫೈಬರ್ ದೋಣಿಯಲ್ಲಿ ಮೀನಿಗೆ ಹೋಗುವವರು ಇದನ್ನು ಓದಿ ಗಾಬರಿಯಾಗುವುದು ಬೇಡ. ಇದು ಕಟ್ಟುವವನ ತೊಂದರೆ, ಏರುವವನದ್ದಲ್ಲ. ಅಂದ ಹಾಗೆ ದಾಲ್ಚಿನ್ನಿ ಚಕ್ಕೆಯಲ್ಲೂ ಲವಲೇಶ ಸ್ಟೈರೀನ್ ಇರುತ್ತದೆ. ಆದ್ದರಿಂದ ವಸ್ತುವಿನ ಹೆಸರಿಗೆ ಹೆದರಿ ಪ್ರಯೋಜನವಿಲ್ಲ, ಎಷ್ಟು, ಎಷ್ಟು ಹೊತ್ತು ಎನ್ನುವುದನ್ನು ನೋಡಬೇಕು.

ಒಂದು ಮಳೆಗಾಲದಲ್ಲಿ ನಾನು ಇಂಥ ಯಾರ್ಡ್ ಒಂದರೊಳಗೆ ಅರ್ಧ ದಿನ ನಿಂತಿದ್ದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದಲ್ಲ, ರಿಪೇರಿ ಕೆಲಸವೆಲ್ಲ ಬಂದು ಬೀಳುವುದು ಆಗಲೇ. ಹೊರಗೆ ಜಡಿಮಳೆ. ರೆಸಿನ್ನಿಗೆ ನೀರು ತಾಗಬಾರದೆಂದು ಮೂರೂ ಬದಿಗೆ ಟಾರ್ಪಾಲು ಇಳಿಬಿಟ್ಟಿದ್ದರು. ದೋಣಿಯ ಅಚ್ಚಿನೊಳಗೆ ಇಬ್ಬರು ಬರಿಗಾಲಲ್ಲಿ ಕುಕ್ಕರಗಾಲು ಕೂತು ರೋಲರ್ ಒತ್ತುತ್ತಿದ್ದರು. ಮೂಗಿಗೆ ಬೈರಾಸು (ಟವೆಲ್ಲು). ಹಾರ್ಡ್‌ನರಿನ ಅಳತೆ ಬಾಟಲಿಯ ಮುಚ್ಚಳದಲ್ಲಿ. ಒಬ್ಬ ನಡುವೆ ಎದ್ದು, ಕೈಯನ್ನು ರೆಸಿನ್ ಕರಗಿಸುವ ಅಸಿಟೋನಿನಲ್ಲಿ ಅದ್ದಿ ಒರೆಸಿಕೊಂಡು, ಅದೇ ಕೈಯಲ್ಲಿ ಬನ್ಸ್ ತಿಂದ. ಒಳಗೆ ಕಾಲಿಟ್ಟಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಇಪ್ಪತ್ತು ನಿಮಿಷ ಕಳೆಯುವಾಗ ನನಗೂ ವಾಸನೆ ಇಲ್ಲ. ಹೊರಗೆ ಹೋಗಿ ಚಹಾ ಕುಡಿದು ಮರಳಿ ಬಂದರೆ ಬಾಗಿಲಲ್ಲೇ ಮುಖಕ್ಕೆ ಹೊಡೆಯಿತು. ನಿಮ್ಮ ಯಜಮಾನರಿಗೂ ಈ ಪರೀಕ್ಷೆ ಮಾಡಲು ಹೇಳಿ. ಕಾಲು ಗಂಟೆ ಹೊರಗೆ ಕಡಲ ಗಾಳಿಯಲ್ಲಿ ನಿಂತು ಒಳಗೆ ಬರಲಿ. ಮೊದಲ ಎರಡು ಉಸಿರಿನಲ್ಲಿ ಮೂಗು ನಿಜ ಹೇಳುತ್ತದೆ.

ಇನ್ನೊಂದು ವಿಷಯ. ಸ್ಟೈರೀನಿನ ಆವಿ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಅದು ಮೇಲೆ ಏರಿ ಮಾಡಿನ ಸಂದಿಯಲ್ಲಿ ಹೋಗುವ ಜಾತಿಯದ್ದಲ್ಲ, ತಗ್ಗಿಗೆ ಇಳಿಯುತ್ತದೆ. ದೋಣಿಯ ಆಕಾರವೋ ಒಂದು ದೊಡ್ಡ ಬಟ್ಟಲು. ಬಟ್ಟಲಿನ ತಳದಲ್ಲಿ ಆವಿ ತುಂಬುತ್ತದೆ, ಕೂತು ಕೆಲಸ ಮಾಡುವವನ ಮೂಗು ಸರಿಯಾಗಿ ಅದೇ ಮಟ್ಟದಲ್ಲಿ ಇರುತ್ತದೆ. ಮೇಲೆ ನಿಂತ ಮೇಸ್ತ್ರಿಗೆ "ಅಷ್ಟೇನೂ ಇಲ್ಲವಲ್ಲ" ಅನಿಸುವುದು ಇದರಿಂದಲೇ. ಮರದ ಬೋಟಿನಲ್ಲಿ ಮೀನು ತುಂಬುವ ಒಳಗಿನ ಕೋಣೆಗೆ ಫೈಬರ್ ಹೊದಿಸುವ ಕೆಲಸವಂತೂ ಇನ್ನೂ ಕಷ್ಟದ್ದು. ಅದಕ್ಕೆ ಇರುವುದೇ ಒಂದು ಕಿಂಡಿ.

ಒಳಗೆ ಹೋದ ಸ್ಟೈರೀನಿನಲ್ಲಿ ಸುಮಾರು ಮೂರನೇ ಎರಡು ಪಾಲು ರಕ್ತಕ್ಕೆ ಸೇರುತ್ತದೆ. ಅಲ್ಲಿಂದ ಮೊದಲು ಮಿದುಳಿಗೆ ಮಂಕು ಕವಿಯುತ್ತದೆ, ಹೆಂಡದ ಹಾಗೆಯೇ. ತಲೆನೋವು, ಮಂಪರು, ಸಿಡುಕು, ಕೈ ನಿಧಾನ, ಎಲ್ಲವೂ ಆ ಲೆಕ್ಕಕ್ಕೆ. ಯಕೃತ್ತು ಅದನ್ನು ಒಡೆದು ಮ್ಯಾಂಡೆಲಿಕ್ ಆಮ್ಲ ಮಾಡಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹೆಚ್ಚಿನಂಶ ಒಂದೆರಡು ದಿನದಲ್ಲಿ ಹೊರಟುಹೋಗುತ್ತದೆ, ಕೊಬ್ಬಿನಲ್ಲಿ ಸೇರಿದ್ದು ಸ್ವಲ್ಪ ತಡ. ಭಾನುವಾರ ಸಂಜೆ ಅವರು ಸರಿಯಾಗುವುದು, ಸೋಮವಾರ ಪುನಃ ಶುರುವಾಗುವುದು, ಇವೆರಡನ್ನೂ ನೀವು ಸರಿಯಾಗಿ ಗಮನಿಸಿದ್ದೀರಿ. ರಜೆಯಲ್ಲಿ ಇಳಿದು ಕೆಲಸದಲ್ಲಿ ಏರುವ ತಲೆನೋವಿನ ಬೇರು ಹೆಚ್ಚಾಗಿ ಕೆಲಸದ ಜಾಗದಲ್ಲೇ ಇರುತ್ತದೆ. ಆದರೂ ಬಿಪಿ ಒಂದು ಸಲ, ಕನ್ನಡಕದ ನಂಬರ್ ಒಂದು ಸಲ ನೋಡಿಸಿ. ಎಲ್ಲವನ್ನೂ ಸ್ಟೈರೀನಿನ ತಲೆಗೆ ಕಟ್ಟಿ ಬಿಪಿ ಮರೆತವರನ್ನು ನಾನು ಕಂಡಿದ್ದೇನೆ.

ಶನಿವಾರದ ಕುಡಿತದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಸ್ಟೈರೀನನ್ನೂ ಹೆಂಡವನ್ನೂ ಒಡೆಯಬೇಕಾದದ್ದು ಅದೇ ಯಕೃತ್ತು. ಕೆಲಸ ಮುಗಿಸಿ ನೇರ ಬಾರಿಗೆ ಹೋದರೆ ಸ್ಟೈರೀನ್ ಹೊರಗೆ ಹೋಗುವುದು ನಿಧಾನವಾಗುತ್ತದೆ, ಎರಡರ ಮಂಪರೂ ಒಟ್ಟಾಗುತ್ತದೆ. ಆ ಸ್ಥಿತಿಯಲ್ಲಿ ಬೈಕು ಬಿಡುವುದು ಬೇಡವೇ ಬೇಡ.

ರಕ್ತ ಪರೀಕ್ಷೆ ನಾರ್ಮಲ್ ಬಂದದ್ದು ಸಂತೋಷವೇ. ಆದರೆ ಸಾಮಾನ್ಯವಾಗಿ ಮಾಡುವ ಸಿಬಿಸಿ, ಲಿವರ್, ಕಿಡ್ನಿ ಪರೀಕ್ಷೆಗಳಿಗೆ ಸ್ಟೈರೀನ್ ಸಿಕ್ಕುವುದಿಲ್ಲ. ಕೇಳಬೇಕಾದದ್ದು ಮೂತ್ರದ ಪರೀಕ್ಷೆ. ಮ್ಯಾಂಡೆಲಿಕ್ ಆಮ್ಲ ಮತ್ತು ಸ್ಟೈರೀನ್ ಒಡೆದು ಬರುವ ಇನ್ನೊಂದು ಆಮ್ಲ, ಫಿನೈಲ್ ಗ್ಲೈಆಕ್ಸಿಲಿಕ್ ಆಮ್ಲ, ಎರಡರ ಮೊತ್ತ. ಒಂದು ಗ್ರಾಂ (ಎಲ್ಲರ ಮೂತ್ರದಲ್ಲೂ ಸಹಜವಾಗಿ ಇರುವ) ಕ್ರಿಯಾಟಿನಿನ್‌ಗೆ 400 ಮಿಲಿಗ್ರಾಂ ಮೀರಿದರೆ ಮೈಗೆ ಹೋಗುತ್ತಿರುವುದು ಜಾಸ್ತಿ ಎಂದು ಅರ್ಥ. ಮೂತ್ರ ಕೊಡುವ ಹೊತ್ತು ಬಹಳ ಮುಖ್ಯ. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಕೊಟ್ಟರೆ ಚೆಂದದ ರಿಪೋರ್ಟ್ ಬರುತ್ತದೆ, ಅದಕ್ಕೆ ಬೆಲೆ ಇಲ್ಲ. ವಾರದ ಕೊನೆಯ ಕಡೆ, ರೋಲರ್ ಕೆಲಸ ಮಾಡಿದ ದಿನ, ಕೆಲಸ ಮುಗಿದ ಕೂಡಲೇ ಕೊಡಬೇಕು. ಆ ದಿನ ಕುಡಿದಿರಬಾರದು, ಕುಡಿದರೆ ಲೆಕ್ಕ ತಪ್ಪುತ್ತದೆ. ಎಲ್ಲ ಲ್ಯಾಬಿನವರೂ ಇದನ್ನು ಮಾಡುವುದಿಲ್ಲ. ಮೊದಲೇ ಕೇಳಿಕೊಂಡು ಹೋಗಿ.

ಈಗ ಕಿವಿ. ನೀವು ನಡುವೆ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋದ ವಿಷಯ ಇದು. ನನ್ನ ಮಟ್ಟಿಗೆ ಇಡೀ ಕಾಗದದಲ್ಲಿ ಅತಿ ಬೇಗ ನೋಡಬೇಕಾದದ್ದು ಇದೇ. ಕಿವಿಯ ಒಳಗೆ ಶಂಖದ ಹಾಗೆ ಸುರುಳಿ ಸುತ್ತಿದ ಒಂದು ಭಾಗ ಉಂಟು. ಅದರೊಳಗಿನ ಸೂಕ್ಷ್ಮ ರೋಮದ ಕೋಶಗಳು ಶಬ್ದವನ್ನು ಹಿಡಿಯುತ್ತವೆ. ಫೈಬರ್ ಉಜ್ಜುವ ಗ್ರೈಂಡರಿನ ಕರ್ಕಶ ಸದ್ದು ಅವನ್ನು ಕೊಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಸ್ಟೈರೀನ್ ಕೂಡ ರಕ್ತದ ಮೂಲಕ ಹೋಗಿ ಅದೇ ಕೋಶಗಳನ್ನು ಕೊಲ್ಲುತ್ತದೆ ಎಂಬುದು ಯಾರ್ಡಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಎರಡೂ ಒಟ್ಟಿಗೆ ಬಿದ್ದರೆ ಹಾನಿ ಬೇರೆ ಬೇರೆಯಾಗಿ ಬಿದ್ದದ್ದಕ್ಕಿಂತ ಹೆಚ್ಚು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. 38ನೇ ವಯಸ್ಸಿಗೆ ಮಾತು ಎರಡು ಸಲ ಕೇಳಿಸಿಕೊಳ್ಳುವುದನ್ನು ಪ್ರಾಯದ ಲೆಕ್ಕಕ್ಕೆ ಬರೆಯಲು ಆಗುವುದಿಲ್ಲ. ಕಿವಿಯಲ್ಲಿ ಗುಗ್ಗೆಯೂ ಇರಬಹುದು, ಇಎನ್‌ಟಿಯವರು ಅದನ್ನು ಮೊದಲು ನೋಡುತ್ತಾರೆ. ಆಮೇಲೆ ಆಡಿಯೋಗ್ರಾಂ, ಎಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿ. ಹಿಂದಿನ ದಿನದಿಂದ ಗ್ರೈಂಡರ್ ಹತ್ತಿರ ಹೋಗದೆ ಬಂದರೆ ಫಲಿತಾಂಶ ಸರಿ ಬರುತ್ತದೆ. ಆ ಕಾಗದವನ್ನು ಜೋಪಾನವಾಗಿ ಇಡಿ, ವರ್ಷಕ್ಕೊಮ್ಮೆ ಹೊಸದನ್ನು ಅದರ ಪಕ್ಕ ಇಟ್ಟು ನೋಡಬೇಕು.

ಕಣ್ಣಿನ ಉರಿ ಒಂದು, ಕಣ್ಣಿನ ಬಣ್ಣ ಇನ್ನೊಂದು. ಉರಿಗೆ ಗಾಜಿನ ಧೂಳೂ ಕಾರಣ ಇರಬಹುದು. ಅದಲ್ಲದೆ ಸ್ಟೈರೀನಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಬಣ್ಣದ ಸೂಕ್ಷ್ಮ ವ್ಯತ್ಯಾಸ ಗುರುತಿಸುವ ಶಕ್ತಿ ಕಡಿಮೆಯಾಗಬಹುದು, ಮುಖ್ಯವಾಗಿ ನೀಲಿ-ಹಳದಿಯ ಬದಿಯಲ್ಲಿ. ಅವರಿಗೇ ಅದು ತಿಳಿಯುವುದಿಲ್ಲ. ಡ್ರೈವಿಂಗ್ ಲೈಸೆನ್ಸಿಗೆ ತೋರಿಸುವ ಚುಕ್ಕೆಗಳ ನಡುವಿನ ಅಂಕೆಯ ಪುಸ್ತಕ ಕೆಂಪು-ಹಸಿರು ನೋಡುವಂಥದ್ದು. ಅದರಲ್ಲಿ ಇವರು ಪಾಸ್ ಆಗಿಬಿಡುತ್ತಾರೆ. ಹದಿನೈದು ಮಸುಕು ಬಣ್ಣದ ಬಿಲ್ಲೆಗಳನ್ನು ಸಾಲಾಗಿ ಜೋಡಿಸುವ ಪರೀಕ್ಷೆ ಬೇರೆ ಉಂಟು, ಲ್ಯಾಂಥನಿ ಡಿ-15 ಎಂದು ಹೆಸರು. ಕಣ್ಣಿನ ಡಾಕ್ಟರರ ಹತ್ತಿರ ಹೆಸರು ಹಿಡಿದೇ ಕೇಳಿ. ಆವಿ ಕಡಿಮೆಯಾದ ಮೇಲೆ ಕೆಲವರಲ್ಲಿ ಇದು ಸ್ವಲ್ಪ ಸುಧಾರಿಸಿದ್ದುಂಟು. ಕಿವಿಗೆ ಆ ಭಾಗ್ಯವಿಲ್ಲ.

ಕ್ಯಾನ್ಸರ್ ವಿಷಯ ಬಚ್ಚಿಡದೆ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2018ರಲ್ಲಿ ಸ್ಟೈರೀನನ್ನು 2ಎ ಗುಂಪಿಗೆ, ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವ ಇರುವವುಗಳ ಸಾಲಿಗೆ ಸೇರಿಸಿತು. ಪ್ರಾಣಿಗಳಲ್ಲಿ ಸಾಕಷ್ಟು ಪುರಾವೆ ಉಂಟು, ಮನುಷ್ಯರಲ್ಲಿ ಸೀಮಿತ ಪುರಾವೆ. ಡೆನ್ಮಾರ್ಕಿನಲ್ಲಿ ಇದೇ ಫೈಬರ್ ಕೆಲಸದ 70 ಸಾವಿರಕ್ಕೂ ಹೆಚ್ಚು ಮಂದಿಯನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ರಕ್ತದ ಕೆಲವು ಕ್ಯಾನ್ಸರುಗಳ ಕಡೆ ಬೆರಳು ತೋರಿಸುವ ಸುಳಿವುಗಳು ಸಿಕ್ಕಿವೆ. ಆದರೆ 2ಎ ಎಂಬ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಒಬ್ಬ ಮನುಷ್ಯನಿಗೆ ಬರುವ ಸಾಧ್ಯತೆ ಎಷ್ಟು ಎಂಬುದನ್ನಲ್ಲ. ಈ ಕೆಲಸ ಮಾಡಿದವರಲ್ಲಿ ಬಹುಪಾಲು ಜನರಿಗೆ ಇದರಿಂದ ಕ್ಯಾನ್ಸರ್ ಬರುವುದಿಲ್ಲ. ಅವರು ಬೀಡಿ ಸಿಗರೇಟು ಸೇದುವವರಾದರೆ ಕ್ಯಾನ್ಸರಿಗೆ ನಾನು ಮೊದಲು ಹೆದರುವುದು ಅದಕ್ಕೆ.

2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸೋರಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡದ್ದು ಇದೇ ಸ್ಟೈರೀನಿನಿಂದ. ನಿಮಗೆ ಹೇಳಿದವರ ಮನಸ್ಸಿನಲ್ಲಿ ಆ ಟಿವಿ ಚಿತ್ರಗಳೂ ಇದ್ದಿರಬಹುದು. ಅಲ್ಲಿ ದೊಡ್ಡ ಟ್ಯಾಂಕು ಬಿಸಿಯೇರಿ ರಾಶಿ ಆವಿ ಒಮ್ಮೆಗೇ ಮಲಗಿದ್ದ ಊರಿನ ಮೇಲೆ ಹರಿಯಿತು. ನಿಮ್ಮ ಯಜಮಾನರ ಕಥೆ ಅದಲ್ಲ. ಇದು ದಿನಾ ಸ್ವಲ್ಪ, ಹನ್ನೊಂದು ವರ್ಷ.

ಸ್ವಲ್ಪ ಎಂದರೆ ಎಷ್ಟು? ನಮ್ಮ 1948ರ ಕಾರ್ಖಾನೆ ಕಾಯ್ದೆಯ ಅನುಸೂಚಿಯಲ್ಲಿ ಎಂಟು ಗಂಟೆಯ ಸರಾಸರಿಗೆ ಕೊಟ್ಟಿದ್ದ ಮಿತಿ 50 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಗೆ 50 ಪಾಲು ಆವಿ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಮಂಡಳಿ ಈಗ ಸೂಚಿಸುವುದು 10. ಹೊಸಬನ ಮೂಗಿಗೆ ಒಂದಕ್ಕಿಂತ ಕಡಿಮೆ ಇದ್ದರೂ ವಾಸನೆ ತಿಳಿಯುತ್ತದೆ. ಆವಿಯಿಂದಲೇ ಕಣ್ಣು ಉರಿಯಬೇಕಾದರೆ ಸಾಮಾನ್ಯವಾಗಿ ನೂರರ ಆಸುಪಾಸು ಬೇಕು. ವಾಸನೆ ಬಂತೆಂದ ಮಾತ್ರಕ್ಕೆ ಅಪಾಯವಿಲ್ಲ, ಆದರೆ ದಿನಾ ಕಣ್ಣುರಿ ಇದ್ದರೆ ಮಿತಿ ದಾಟಿರಬಹುದೆಂದೇ ಹಿಡಿಯಿರಿ.

ಬೆಲ್ಲದಿಂದ ಏನೂ ಆಗುವುದಿಲ್ಲ. ಬೆಲ್ಲ ಹೋಗುವುದು ಹೊಟ್ಟೆಗೆ, ಆವಿ ಹೋಗುವುದು ಎದೆಗೆ. ಇಷ್ಟವಾದರೆ ತಿನ್ನಲಿ, ಶುಗರ್ ಇದ್ದರೆ ಅದೂ ಬೇಡ.

ನಿಮ್ಮ ಮಾತಿಗೆ ಬರುತ್ತೇನೆ. ಬಟ್ಟೆಯಲ್ಲಿ ಮನೆಗೆ ಬರುವ ಸ್ಟೈರೀನ್ ತೀರಾ ಕಡಿಮೆ, ಬೇಗ ಹಾರಿಹೋಗುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಅದರಿಂದ ಹಾನಿ ಆಗಿರಬಹುದು ಎಂದು ನಿದ್ದೆಗೆಡುವುದು ಬೇಡ. ಗರ್ಭಿಣಿ ಯಾರ್ಡಿನೊಳಗೆ ಕೆಲಸ ಮಾಡಬಾರದು, ಊಟದ ಬುತ್ತಿ ಕೊಡಲು ಒಳಗೆ ಹೋಗಿ ಕೂರುವುದೂ ಬೇಡ, ಅಷ್ಟೇ. ಬಟ್ಟೆಯಲ್ಲಿ ನಿಜವಾಗಿ ಕಾಟ ಕೊಡುವುದು ಗಾಜಿನ ನೂಲಿನ ಚೂರು. ಕೆಲಸದ ಅಂಗಿ ಅಲ್ಲೇ ಬದಲಿಸಿ ಚೀಲದಲ್ಲಿ ಹಾಕಿ ತರಲಿ. ಕೈಗವಸು ಹಾಕಿ, ಬೇರೆ ಬಟ್ಟೆಯ ಜೊತೆ ಸೇರಿಸದೆ, ಕೊನೆಗೆ ಒಗೆಯಿರಿ. ಮೆಷಿನ್ ಆದರೆ ಆಮೇಲೆ ಒಂದು ಸಲ ಬರೀ ನೀರು ತಿರುಗಿಸಿ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆಯನ್ನೆಲ್ಲ ಬಚ್ಚಲಿನ ಹಂಡೆ ಒಲೆಯ ಮೇಲೆ ಒಂದೇ ಹಗ್ಗಕ್ಕೆ ಹಾಕುತ್ತೇವೆ. ಈ ಅಂಗಿಯನ್ನು ಅಲ್ಲಿ ಹಾಕಬೇಡಿ. ಹಸಿ ರೆಸಿನ್, ಅಸಿಟೋನ್ ತಾಗಿದ ಬಟ್ಟೆ ಬೆಂಕಿಯ ಹತ್ತಿರ ಇರಬಾರದು. ನಾಳೆ ಅದೇ ಹಗ್ಗದಲ್ಲಿ ಬಾಣಂತಿಯ ಬಟ್ಟೆ, ಮಗುವಿನ ಬಟ್ಟೆ ಒಣಗಬೇಕು.

ಹಾರ್ಡ್‌ನರ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾರೆ. ಬಕೆಟ್ಟೋ ಟ್ಯಾಂಕೋ ಒಡೆದರೆ ಹಚ್ಚಲಿಕ್ಕೆಂದು ರೆಸಿನ್, ಹಾರ್ಡ್‌ನರ್ ಸ್ವಲ್ಪ ಮನೆಗೆ ತರುವ ರೂಢಿ ನಮ್ಮಲ್ಲಿ ಉಂಟು, ತರುವುದು ಕುಡಿಯುವ ನೀರಿನ ಹಳೆ ಬಾಟಲಿಯಲ್ಲಿ. ಹಾರ್ಡ್‌ನರ್ ನೋಡಲು ನೀರಿನ ಹಾಗೆಯೇ ತಿಳಿ. ಒಂದು ಗುಟುಕು ಹೋದರೆ ಅನ್ನನಾಳ ಸುಟ್ಟು ಜೀವಕ್ಕೇ ಬರುತ್ತದೆ, ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿ ಹೋಗಬಹುದು. ಕಣ್ಣಿಗೆ ಸಿಡಿದರೆ ಆ ಕ್ಷಣವೇ ರೆಪ್ಪೆ ಬಿಡಿಸಿ ಹರಿಯುವ ನೀರಿನಲ್ಲಿ ಕನಿಷ್ಠ ಹದಿನೈದು ನಿಮಿಷ ತೊಳೆಯಬೇಕು, ಆಸ್ಪತ್ರೆಗೆ ಓಡುವುದು ಆಮೇಲೆ. ಕುಡಿದಿದ್ದರೆ ವಾಂತಿ ಮಾಡಿಸಬೇಡಿ, ನೇರ ಕರೆದುಕೊಂಡು ಹೋಗಿ. ರೆಸಿನ್ ಬೇಗ ಗಟ್ಟಿಯಾಗಲೆಂದು ಹಾಕುವ ಕೋಬಾಲ್ಟನ್ನೂ ಹಾರ್ಡ್‌ನರನ್ನೂ ನೇರ ಸೇರಿಸಿದರೆ ಸಿಡಿಯುತ್ತದೆ, ಇದು ಅವರಿಗೆ ಗೊತ್ತಿರುತ್ತದೆ. ನಿಮ್ಮ ಮನೆಯಲ್ಲಿ ಅಂಥ ಬಾಟಲಿ ಇದ್ದರೆ ಇವತ್ತೇ ಹೊರಗೆ ಹೋಗಲಿ.

ಇನ್ನು ಯಾರ್ಡಿನಲ್ಲಿ ಏನು ಬದಲಾಗಬೇಕು. ಬೈರಾಸು ಆವಿಯನ್ನು ತಡೆಯುವುದಿಲ್ಲ. ಕೊರೋನಾ ಕಾಲದ ಎನ್95 ಕೂಡ ಧೂಳಿಗೆ ಮಾತ್ರ. ಬೇಕಾದದ್ದು ಎರಡು ಕಡೆ ಡಬ್ಬಿ ಇರುವ ರಬ್ಬರಿನ ಮಾಸ್ಕು, ಡಬ್ಬಿಯ ಮೇಲೆ "ಆರ್ಗ್ಯಾನಿಕ್ ವೇಪರ್" ಎಂದು ಬರೆದಿರಬೇಕು. ಅದರೊಳಗಿನ ಇದ್ದಿಲು ಆವಿಯನ್ನು ಹೀರುತ್ತದೆ, ತುಂಬಿದ ಮೇಲೆ ಹೀರುವುದಿಲ್ಲ. ಊಟಕ್ಕೆ ಹೋಗುವಾಗ ಮಾಸ್ಕನ್ನು ಮೊಳೆಗೆ ತೂಗು ಹಾಕಿದರೆ ಇದ್ದಿಲು ಸುಮ್ಮನೆ ಅಲ್ಲಿಯ ಆವಿ ಕುಡಿಯುತ್ತಾ ಕೂರುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಇಡಬೇಕು. ಡಬ್ಬಿಯನ್ನು ತಯಾರಕರು ಹೇಳಿದ ಲೆಕ್ಕದಲ್ಲಿ ಬದಲಿಸಬೇಕು, ವಾಸನೆ ಬಂದಾಗ ಬದಲಿಸುತ್ತೇನೆ ಎಂದು ಕಾಯುವುದು ನಿಮ್ಮವರ ಮೂಗಿಗೆ ಆಗುವ ಕೆಲಸವಲ್ಲ. ಗಡ್ಡ ಇದ್ದರೆ ಮಾಸ್ಕು ಕೂರುವುದಿಲ್ಲ.

ಮಾಸ್ಕಿಗಿಂತ ದೊಡ್ಡದು ಗಾಳಿ. ಮೇಲಿನಿಂದ ಬೀಸುವ ಫ್ಯಾನು ಬಟ್ಟಲಿನೊಳಗಿನ ಆವಿಯನ್ನು ಕಲಕುತ್ತದೆ ಅಷ್ಟೇ. ದೋಣಿಯ ತಳಕ್ಕೆ ಅಗಲದ ಪೈಪು ಇಳಿಸಿ ಆವಿಯನ್ನು ಎಳೆದು ಹೊರಗೆ ಬಿಡಬೇಕು, ಕೆಲಸಗಾರನ ಬೆನ್ನಿನ ಕಡೆಯಿಂದ ಹೊಸ ಗಾಳಿ ಬರಬೇಕು. ಸ್ಟೈರೀನಿನ ಆವಿ 31 ಡಿಗ್ರಿ ಸೆಲ್ಸಿಯಸ್ಸಿಗೇ ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ, ಮಲ್ಪೆಯ ಮಧ್ಯಾಹ್ನ ಅದಕ್ಕಿಂತ ಬಿಸಿ. ಹಾಗಾಗಿ ಕಿಡಿ ಹಾರದ ಮೋಟಾರೇ ಬೇಕು, ರೆಸಿನ್ ಹಚ್ಚುವ ಪಕ್ಕದಲ್ಲಿ ಗ್ರೈಂಡರ್ ಓಡಿಸುವುದು ಬೇಡ, ಬೀಡಿಯೂ ಬೇಡ. ಮಳೆ ಬರುವ ಬದಿಯ ಟಾರ್ಪಾಲು ಒಂದು ಇರಲಿ, ಉಳಿದವನ್ನು ಎತ್ತಿ ಕಟ್ಟಲಿ. ರೆಸಿನ್ ಡ್ರಮ್ಮಿಗೆ, ಬಕೆಟ್ಟಿಗೆ ಮುಚ್ಚಳ ಇರಲಿ. ಮೀನಿನ ಕೋಣೆಯೊಳಗೆ ಒಬ್ಬನೇ ಇಳಿಯಬಾರದು, ಮೇಲೆ ಒಬ್ಬ ಕಾದಿರಬೇಕು. ಕೈಗೆ ಮೆತ್ತಿದ ಹಸಿ ರೆಸಿನ್ನಿಗೆ ಅಸಿಟೋನ್ ಬದಲು ತೆಂಗಿನೆಣ್ಣೆ ಹಚ್ಚಿ ಉಜ್ಜಿ ಸಾಬೂನು ಹಾಕಿದರೆ ಹೋಗುತ್ತದೆ, ಸ್ವಲ್ಪ ತಾಳ್ಮೆ ಬೇಕು.

ಕೆಲಸ ಬಿಡಿಸಬೇಕಾ ಎಂದು ಕೇಳಿದಿರಿ. ಈಗಲೇ ಬೇಡ. ಹನ್ನೊಂದು ವರ್ಷದ ಕೈಕಸುಬನ್ನು ಒಂದು ಕಾಗದದ ಮೇಲೆ ಬಿಡಿಸುವ ಡಾಕ್ಟರು ನಾನಲ್ಲ, ಮಗು ಬರುವ ಹೊತ್ತಿನಲ್ಲಿ ಸಂಬಳ ನಿಲ್ಲುವುದೂ ಆರೋಗ್ಯಕ್ಕೆ ಒಳ್ಳೆಯದಲ್ಲ. ಆಡಿಯೋಗ್ರಾಂನಲ್ಲಿ ನಷ್ಟ ಕಂಡರೆ, ಅಥವಾ ಮೂತ್ರದಲ್ಲಿ 400 ದಾಟಿದರೆ, ರೋಲರ್ ಕೆಲಸದಿಂದ ಬೇರೆ ಕೆಲಸಕ್ಕೆ, ಮರದ ಕೆಲಸ, ಎಂಜಿನ್ ಕೂರಿಸುವುದು ಇಂಥದ್ದಕ್ಕೆ ಹಾಕಲು ಧಣಿಗಳ ಹತ್ತಿರ ಮಾತಾಡಬೇಕು. ಅವರು ಒಪ್ಪದೆ, ಗಾಳಿಯ ವ್ಯವಸ್ಥೆಯೂ ಆಗದೆ ಇದ್ದರೆ ಆಗ ಬಿಡುವ ಮಾತು. ಒಬ್ಬರೇ ಹೋಗಿ ಕೇಳುವುದಕ್ಕಿಂತ ನಾಲ್ಕು ಮಂದಿ ಸೇರಿ ಕೇಳುವುದು ಲೇಸು, ಆ ತಲೆನೋವು ಉಳಿದ ಮೂವರಿಗೂ ಇರುತ್ತದೆ. ಇಎಸ್‌ಐ ಕಾರ್ಡ್ ಇದ್ದರೆ ಪರೀಕ್ಷೆಗಳನ್ನು ಅಲ್ಲಿಂದಲೇ ಶುರು ಮಾಡಿ, ಇಲ್ಲದಿದ್ದರೆ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಉಂಟು. ಎಲ್ಲಿಗೆ ಹೋದರೂ "ತಲೆನೋವು" ಎಂದಷ್ಟೇ ಹೇಳಿ ಮಾತ್ರೆ ತಕ್ಕೊಂಡು ಬರಬೇಡಿ, ಫೈಬರ್ ಕೆಲಸ, ಸ್ಟೈರೀನ್ ಎಂದು ಬಾಯಿಬಿಟ್ಟು ಹೇಳಿ. ರೆಸಿನ್ ಡ್ರಮ್ಮಿನ, ಹಾರ್ಡ್‌ನರ್ ಡಬ್ಬದ ಲೇಬಲ್ಲಿನ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡು ಹೋದರೆ ನೋಡುವ ಡಾಕ್ಟರಿಗೆ ಅರ್ಧ ಕೆಲಸ ಮುಗಿದ ಹಾಗೆ.